ಪೊಟ್ಟಣ ತಿರುಗಿಸಿ, ಹಿಂದೆ ಓದಿ: ಭಾನುವಾರದ ಪ್ರಶ್ನೋತ್ತರ

ಡಯಟೀಷಿಯನ್: ಎಲ್ಲರಿಗೂ ನಮಸ್ಕಾರ. ಇವತ್ತು ಕಾರ್ಬ್ (ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟ್) ಕಡಿಮೆ ಮಾಡಿರುವವರ ಪ್ಯಾಕೆಟ್ ತಿಂಡಿಗಳ ಬಗ್ಗೆ ಮಾತ್ರ. ಪೊಟ್ಟಣದ ಹಿಂಬದಿಯಲ್ಲಿ ಏನು ಬರೆದಿದೆ ಎಂದು ಹಾಕಿ. ಮುಂಬದಿಯ ಚಿತ್ರ ಬೇಡ, ಅದು ಜಾಹೀರಾತು. ಸಂಜೆ 7ರವರೆಗೆ ಇರುತ್ತೇನೆ.

ಹಾಸನದ ಸೊಸೆ: ಮೇಡಂ, ರಾಗಿ ಬಿಸ್ಕತ್ತು. ಹಿಂದೆ ಹೀಗಿದೆ: ಮೈದಾ, ಸಕ್ಕರೆ, ತಾಳೆ ಎಣ್ಣೆ, ರಾಗಿ ಹಿಟ್ಟು 10%. ಮಾವನವರಿಗೆ ಕೊಡಬಹುದಾ?

ಡಯಟೀಷಿಯನ್: ಯಾವುದು ಜಾಸ್ತಿ ತೂಕವೋ ಅದನ್ನು ಮೊದಲು ಬರೆಯಬೇಕು ಎನ್ನುವುದು ನಿಯಮ. ನಿಮ್ಮದರಲ್ಲಿ ಮೈದಾ, ಸಕ್ಕರೆ, ಎಣ್ಣೆ ಎಲ್ಲ ಆದ ಮೇಲೆ ರಾಗಿ ಬಂದಿದೆ. ಅದು ಮೈದಾ ಬಿಸ್ಕತ್ತೇ. ಇನ್ನೊಂದು ಮಾತು, ಪೂರ್ತಿ ರಾಗಿಯದೇ ಆಗಿದ್ದರೂ ಲೋ ಕಾರ್ಬ್ ಆಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಕಾರ್ಬ್ 65 ಗ್ರಾಂ ದಾಟುತ್ತದೆ.

ಕಡೂರು ಎಕ್ಸ್‌ಪ್ರೆಸ್: ಬೆಲ್ಲ ಹಾಕಿದ ಬಿಸ್ಕತ್ತು ಆಗುತ್ತದಾ ಮೇಡಂ?

ಡಯಟೀಷಿಯನ್: ಇಲ್ಲ. ಬೆಲ್ಲವೂ ಸಕ್ಕರೆಯೇ.

ಬಸವನಗುಡಿ ವಾಕರ್: ನನ್ನ ಬಳಿ ಶುಗರ್ ಫ್ರೀ ಪೌಡರ್ ಇದೆ. ಹಾಲಿಗೆ ಹಾಕಿಕೊಂಡು ಕುಡಿಯುವುದು. ಸಕ್ಕರೆ 0.4 ಗ್ರಾಂ, ಕಾರ್ಬ್ 62 ಗ್ರಾಂ ಅಂತ ಇದೆ. ಸಕ್ಕರೆ ಇಲ್ಲದೆ ಕಾರ್ಬ್ ಎಲ್ಲಿಂದ ಬಂತು?

ಡಯಟೀಷಿಯನ್: ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಇದೆಯಾ ನೋಡಿ. ಇರುವ ಸಾಧ್ಯತೆ ಹೆಚ್ಚು. ಪಿಷ್ಟವನ್ನು ಚೂರು ಮಾಡಿ ತಯಾರಿಸುವ ಪುಡಿ ಅದು. ಲೇಬಲ್ ಲೆಕ್ಕದಲ್ಲಿ ಸಕ್ಕರೆಯಲ್ಲ, ಹೊಟ್ಟೆಗೆ ಹೋದ ಮೇಲೆ ಹೆಚ್ಚುಕಡಿಮೆ ಗ್ಲೂಕೋಸ್‌ನಷ್ಟೇ ಬೇಗ ರಕ್ತಕ್ಕೆ ಸೇರುತ್ತದೆ. 100 ಗ್ರಾಂಗೆ ಸಕ್ಕರೆ ಅರ್ಧ ಗ್ರಾಂ ಮೀರದಿದ್ದರೆ ಶುಗರ್ ಫ್ರೀ ಎಂದು ಬರೆದುಕೊಳ್ಳಬಹುದು. ಅವರು ಸುಳ್ಳು ಹೇಳಿಲ್ಲ. ನೀವು ನೋಡಬೇಕಾದ ಸಾಲು ಸಕ್ಕರೆಯದಲ್ಲ, ಕಾರ್ಬ್‌ನದು.

ಕೆಂಪು ಸ್ಕೂಟಿ: ಕೊನ್ಯಾಕ್ ಗೆಡ್ಡೆಯ ನೂಡಲ್ಸ್ ಬಗ್ಗೆ ಹೇಳಿ ಮೇಡಂ.

ಲಂಡನ್ ಕನ್ನಡಿಗ: ನಮಸ್ಕಾರ. ಇಲ್ಲಿಯ ಲೋ ಕಾರ್ಬ್ ಬ್ರೆಡ್‌ನಲ್ಲಿ 100 ಗ್ರಾಂಗೆ ಕಾರ್ಬ್ 12, ನಾರು 20. ನಾರು ಕಳೆಯಬೇಕು ಅಂತ ಓದಿದ್ದೆ. ಕಳೆದರೆ ಮೈನಸ್ 8 ಬರುತ್ತದೆ!

ಡಯಟೀಷಿಯನ್: ಇದು ಒಳ್ಳೆಯ ಪ್ರಶ್ನೆ. ಬ್ರಿಟನ್, ಯುರೋಪಿನ ಲೇಬಲ್‌ನಲ್ಲಿ ನಾರನ್ನು ಮೊದಲೇ ಕಳೆದು ಕಾರ್ಬ್ ಬರೆದಿರುತ್ತಾರೆ. ನಿಮ್ಮ ಬ್ರೆಡ್‌ನಲ್ಲಿ 12 ಅಂದರೆ 12 ಅಷ್ಟೇ. ಅಮೆರಿಕದ ಲೇಬಲ್‌ನಲ್ಲಿ ನಾರೂ ಕಾರ್ಬ್ ಒಳಗೇ ಇರುತ್ತದೆ, ಅಲ್ಲಿ ಕಳೆಯಬೇಕು. ಅಮೆರಿಕದ ವಿಡಿಯೋ ನೋಡಿ ಲಂಡನ್ ಬ್ರೆಡ್ ತಿಂದರೆ ಹೀಗಾಗುತ್ತದೆ. ನಮ್ಮ ಕಡೆಯ ಪ್ಯಾಕೆಟ್‌ನಲ್ಲಿ ಅನುಮಾನ ಬಂದರೆ ಪ್ರೋಟೀನ್, ಕೊಬ್ಬು, ಕಾರ್ಬ್, ನಾರು ನಾಲ್ಕನ್ನೂ ಕೂಡಿ. 100 ದಾಟಿತು ಅಂದರೆ ನಾರು ಕಾರ್ಬ್ ಒಳಗೇ ಸೇರಿಕೊಂಡಿದೆ. 100 ಗ್ರಾಂ ಪೊಟ್ಟಣದಲ್ಲಿ 115 ಗ್ರಾಂ ಪದಾರ್ಥ ಹಿಡಿಸುವುದಿಲ್ಲವಲ್ಲ.

ಲೆಕ್ಕದ ಮೇಷ್ಟ್ರು: ಬಹಳ ಚೆನ್ನಾಗಿ ಹೇಳಿದಿರಿ ಮೇಡಂ.

ಗುಡ್ ಮಾರ್ನಿಂಗ್ ರಾಯರು: ಫಾರ್ವರ್ಡ್ ಆಗಿ ಬಂದದ್ದು. ಹಾಗಲಕಾಯಿ ರಸ 21 ದಿನ ಕುಡಿಯಿರಿ, ಮಾತ್ರೆ ಬಿಸಾಡಿ. ಎಲ್ಲರಿಗೂ ತಲುಪಿಸಿ.

ಡಯಟೀಷಿಯನ್: ರಾಯರೇ, ಅಳಿಸಿ. ಪಲ್ಯ ಮಾಡಿಕೊಂಡು ತಿನ್ನಿ, ಯಾರೂ ಬೇಡ ಅನ್ನುವುದಿಲ್ಲ. ಮಾತ್ರೆ ಬಿಸಾಡಿ ಅಂತ ಇಲ್ಲಿ ಹಾಕಬೇಡಿ.

ಶಿರಾ ಹುಡುಗಿ: ಮೇಡಂ, ಅಮ್ಮನಿಗೆ ಕೀಟೋ ಹಿಟ್ಟು ತರಿಸಿದ್ದೇನೆ, ಕಾರ್ಬ್ ತೀರಾ ಕಡಿಮೆ ಮಾಡುವ ಊಟಕ್ಕೆ. ಬಾದಾಮಿ ಹಿಟ್ಟು, ಸೋಯಾ, ಗೋಧಿ ಗ್ಲುಟನ್, ಇಸಬ್‌ಗೋಲ್. ಪ್ರೋಟೀನ್ 25, ಕೊಬ್ಬು 18, ಕಾರ್ಬ್ 50, ನಾರು 22. ಕಾರ್ಬ್ 50 ಜಾಸ್ತಿ ಆಯಿತು ಅಲ್ವಾ? ಮೂರು ವಾರದಿಂದ ಮುದ್ದೆ, ಅನ್ನ ಪೂರ್ತಿ ನಿಲ್ಲಿಸಿದ್ದಾರೆ. ಶುಗರ್ 150ರ ಹತ್ತಿರ ಬಂದಿದೆ. ನಿನ್ನೆಯಿಂದ ಏನೂ ಸೇರುತ್ತಿಲ್ಲ, ವಾಂತಿ, ತುಂಬಾ ಸುಸ್ತು. ಗ್ಲುಟನ್‌ನಿಂದ ಹೀಗಾಗುತ್ತಿದೆಯಾ?

ಡಯಟೀಷಿಯನ್: ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಚೀಟಿ ನೋಡಿ ಬರೆಯಿರಿ. ಬೇಗ.

ಲೆಕ್ಕದ ಮೇಷ್ಟ್ರು: 25+18+50+22=115. ನಾರು ಒಳಗಿದೆ. 50ರಲ್ಲಿ 22 ಕಳೆದು ಕಾರ್ಬ್ 28 ಅಂತ ಹಿಡಿಯಮ್ಮ.

ಶಿರಾ ಹುಡುಗಿ: ಡಾಪಾಗ್ಲಿಫ್ಲೋಜಿನ್, ಗ್ಲಿಮೆಪಿರೈಡ್.

ಡಯಟೀಷಿಯನ್: ಮೇಷ್ಟ್ರೇ, ಲೆಕ್ಕ ಸರಿ, ಈಗ ಬೇಡ.
ನೋಡಮ್ಮ, ಹಿಟ್ಟಿನ ವಿಷಯ ಆಮೇಲೆ. ಅಮ್ಮನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ನೋಡೋಣ ಅನ್ನಬೇಡಿ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆ. ಅತ್ತ ಅದು ಕಳಿಸುತ್ತಿದೆ, ಇತ್ತ ನೀವು ಮುದ್ದೆ, ಅನ್ನ ಎರಡನ್ನೂ ನಿಲ್ಲಿಸಿದ್ದೀರಿ. ಆಗ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲೀಯ ಪದಾರ್ಥ ಮಾಡಿಕೊಳ್ಳುತ್ತದೆ. ಕೆಲವರಲ್ಲಿ ಅದು ಮಿತಿ ಮೀರಿ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಕೀಟೋಅಸಿಡೋಸಿಸ್ ಅನ್ನುತ್ತಾರೆ. ವಾಂತಿ, ಹೊಟ್ಟೆನೋವು, ಸುಸ್ತು ಅದರದೇ ಲಕ್ಷಣ. ಸಾಮಾನ್ಯವಾಗಿ ಇದು ಬಂದಾಗ ಶುಗರ್ 300, 400 ಇರುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ 150 ಇದ್ದಾಗಲೂ ಬರಬಹುದು. ಮೀಟರ್ ನೋಡಿ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ, ಅದೇ ಅಪಾಯ. ಡ್ಯೂಟಿ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ: ಈ ಮಾತ್ರೆ, ಮೂರು ವಾರದ ಕೀಟೋ ಊಟ, ನಿನ್ನೆಯಿಂದ ವಾಂತಿ, ರಕ್ತದಲ್ಲಿ ಕೀಟೋನ್ ನೋಡಿ ಅಂತ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಡಾಕ್ಟರ್ ನೋಡುವ ಮೊದಲು ಮುಂದಿನ ಮಾತ್ರೆ ಕೊಡಬೇಡಿ, ಎರಡನ್ನೂ. ಏನೂ ತಿನ್ನದೆ ಗ್ಲಿಮೆಪಿರೈಡ್ ನುಂಗಿದರೆ ಶುಗರ್ ಕುಸಿಯುತ್ತದೆ. ಉಸಿರು ಜೋರಾಗಿದ್ದರೆ, ಮಂಪರು ಇದ್ದರೆ 108ಕ್ಕೆ ಫೋನ್ ಮಾಡಿ. ಬರೀ ಹೊಟ್ಟೆ ಕೆಟ್ಟಿದ್ದು ಅಂತಾದರೆ ಒಂದು ಪರೀಕ್ಷೆಯ ದುಡ್ಡು ಹೋಗುತ್ತದೆ, ಅಷ್ಟೇ.

ಶಿರಾ ಹುಡುಗಿ: ಅಣ್ಣನಿಗೆ ಫೋನ್ ಮಾಡಿದೆ. ಆಟೋ ತರುತ್ತಿದ್ದಾನೆ.

ಚಟ್ನಿಪುಡಿ ಅಕ್ಕ: ಅಯ್ಯೋ ಪಾಪ. ಅದಕ್ಕೇ ಪ್ಯಾಕೆಟ್ ಗೋಜೇ ಬೇಡ. ನಮ್ಮಲ್ಲಿ ಮನೆಯಲ್ಲೇ ಮಾಡಿದ ಲೋ ಕಾರ್ಬ್ ಚಟ್ನಿಪುಡಿ ಸಿಗುತ್ತದೆ. ಯಾವ ಕೆಮಿಕಲ್ ಇಲ್ಲ.

ಲೆಕ್ಕದ ಮೇಷ್ಟ್ರು: ಹುರಿಗಡಲೆ ಹಾಕುತ್ತೀರಾ?

ಚಟ್ನಿಪುಡಿ ಅಕ್ಕ: ಹಾಕದೆ ಚಟ್ನಿಪುಡಿ ಆಗುತ್ತದಾ? ರುಚಿಗೆ ಸ್ವಲ್ಪ ಬೆಲ್ಲ.

ಲೆಕ್ಕದ ಮೇಷ್ಟ್ರು: ಸ್ವಲ್ಪ ಅಂದರೆ ಎಷ್ಟು ಗ್ರಾಂ?

ಚಟ್ನಿಪುಡಿ ಅಕ್ಕ: ನಮ್ಮತ್ತೆ ಕಾಲದಿಂದ ಕೈ ಅಳತೆ.

ಲೆಕ್ಕದ ಮೇಷ್ಟ್ರು: ಕೈ ಅಳತೆಗೆ ಇನ್ಸುಲಿನ್ ಎಷ್ಟು ಯೂನಿಟ್ ಹಾಕಿಕೊಳ್ಳಬೇಕು?

ಕಡೂರು ಎಕ್ಸ್‌ಪ್ರೆಸ್: 😂😂 ಜೋನಿಬೆಲ್ಲ ಆದರೆ ಪರವಾಗಿಲ್ವಾ ಮೇಡಂ?

ಡಯಟೀಷಿಯನ್: ಇಲ್ಲ. ಶಿರಾ, ಹೊರಟಿರಾ?

ಗುಡ್ ಮಾರ್ನಿಂಗ್ ರಾಯರು: ಎಚ್ಚರಿಕೆ!! ಪ್ಯಾಕೆಟ್ ಮೇಲೆ 631 ಇದ್ದರೆ ಅದು ಹಂದಿ ಕೊಬ್ಬು. ಶೇರ್ ಮಾಡಿ.

ಬಸವನಗುಡಿ ವಾಕರ್: ಹೌದಾ? ನಾವು ವಾರಕ್ಕೆ ಎರಡು ಚಿಪ್ಸ್ ಪೊಟ್ಟಣ ತಿನ್ನುತ್ತೇವಲ್ಲ!

ಡಯಟೀಷಿಯನ್: ಅಲ್ಲ. 631 ರುಚಿ ಹೆಚ್ಚಿಸುವ ಒಂದು ಲವಣ, ಕೊಬ್ಬೇ ಅಲ್ಲ. ಪ್ರಾಣಿಮೂಲದಿಂದಲೂ ಮಾಡಬಹುದು, ಪಿಷ್ಟ ಹುದುಗಿಸಿಯೂ ಮಾಡಬಹುದು. ಹಸಿರು ಚುಕ್ಕೆ ಇದೆಯಾ ನೋಡಿಕೊಳ್ಳಿ. ರಾಯರೇ, ಇದು ಎರಡನೆಯ ಸಲ. ವಾಕರ್ ಅವರೇ, ಲೋ ಕಾರ್ಬ್ ಮಾಡುತ್ತಾ ವಾರಕ್ಕೆ ಎರಡು ಪೊಟ್ಟಣ ಆಲೂಗಡ್ಡೆ ಚಿಪ್ಸಾ?

ಚಟ್ನಿಪುಡಿ ಅಕ್ಕ: ಹೆಂಗಸರು ನಾಲ್ಕು ಕಾಸು ಸಂಪಾದಿಸಿದರೆ ಕೆಲವರಿಗೆ ಕಣ್ಣುರಿ.

ಲೆಕ್ಕದ ಮೇಷ್ಟ್ರು: ಸಂಪಾದಿಸಿ, ಬೇಡ ಅಂದವರು ಯಾರು? ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ? ಮನೆಯಲ್ಲಿ ಮಾಡಿ ಮಾರಿದರೂ ನೋಂದಣಿ ಬೇಕು.

ಹಾಸನದ ಸೊಸೆ: ಮೇಷ್ಟ್ರೇ, ಅಕ್ಕನ ಚಟ್ನಿಪುಡಿ ಚೆನ್ನಾಗಿರುತ್ತದೆ. ಸುಮ್ನೆ ಯಾಕೆ ಕೆದಕುತ್ತೀರಿ?

ಲೆಕ್ಕದ ಮೇಷ್ಟ್ರು: ಚೆನ್ನಾಗಿಲ್ಲ ಅಂದೆನಾ? ಲೋ ಕಾರ್ಬ್ ಅಲ್ಲ ಅಂದೆ. ಓದು ಬರುತ್ತದಲ್ಲವಾ?

ಹಾಸನದ ಸೊಸೆ: ಮಾತು ಸರಿಯಾಗಿರಲಿ ಸರ್.

ಡಯಟೀಷಿಯನ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಶಿರಾ, ತಲುಪಿದಿರಾ?

ಕೆಂಪು ಸ್ಕೂಟಿ: ಮೇಡಂ, ನನ್ನ ನೂಡಲ್ಸ್ ಪ್ರಶ್ನೆ ಉಳಿಯಿತು.

ಗುಡ್ ಮಾರ್ನಿಂಗ್ ರಾಯರು: ಬೆಂಡೆಕಾಯಿ ನೆನೆಸಿದ ನೀರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ

ಡಯಟೀಷಿಯನ್: ರಾಯರನ್ನು ಒಂದು ವಾರ ಮ್ಯೂಟ್ ಮಾಡಿದ್ದೇನೆ.

ಚಟ್ನಿಪುಡಿ ಅಕ್ಕ: ಮೇಷ್ಟ್ರನ್ನೂ ಮಾಡಿ ಮೇಡಂ.

ಶಿರಾ ಹುಡುಗಿ: ತುಮಕೂರಿನಲ್ಲಿ ಎಮರ್ಜೆನ್ಸಿಯಲ್ಲಿದ್ದೇವೆ. ಮೊದಲು ಗ್ಯಾಸ್ಟ್ರಿಕ್ ಅಂದರು. ಮಾತ್ರೆ ತೋರಿಸಿದ ಮೇಲೆ ರಕ್ತ ತೆಗೆದುಕೊಂಡರು. ಕೀಟೋನ್ ತುಂಬಾ ಜಾಸ್ತಿ ಇದೆಯಂತೆ. ಡ್ರಿಪ್ ಹಾಕಿ ಐಸಿಯುಗೆ ಕರೆದುಕೊಂಡು ಹೋಗುತ್ತಿದ್ದಾರೆ. ಆ ಹಿಟ್ಟಿನ ಡಬ್ಬಿಯನ್ನೂ ತಂದಿದ್ದೇನೆ ಮೇಡಂ, ತೋರಿಸಬೇಕಾ?

ಡಯಟೀಷಿಯನ್: ಬೇಡಮ್ಮ. ಹಿಟ್ಟಿನದೇನೂ ತಪ್ಪಿಲ್ಲ. ಅಮ್ಮನ ಪಕ್ಕದಲ್ಲಿರಿ. ರಾತ್ರಿ ಎಷ್ಟು ಹೊತ್ತಾದರೂ ನನಗೆ ಮೆಸೇಜ್ ಮಾಡಿ.

ಕಡೂರು ಎಕ್ಸ್‌ಪ್ರೆಸ್: ಅಮ್ಮ ಬೇಗ ಹುಷಾರಾಗಲಿ 🙏 ಮೇಡಂ, ಜೇನುತುಪ್ಪ?