ಫರ್ಮ್‌ವೇರ್ ಎಂಬುದಕ್ಕೆ ಸೂಚನಾ ಫಲಕದಲ್ಲಿ ಏನು ಬರೆಯಬೇಕು?

ಕಲಬುರಗಿಯಿಂದ:

ಮಾನ್ಯರೇ, ನಮ್ಮ ಕಚೇರಿಯ ಸರ್ವರ್ ಕೊಠಡಿಗೆ ಹಾಕುವ ಸೂಚನಾ ಫಲಕ ಸೋಮವಾರ ಮುದ್ರಣಕ್ಕೆ ಹೋಗಬೇಕಾಗಿದೆ. ಫರ್ಮ್‌ವೇರ್ ಮತ್ತು ಹೈಪರ್‌ವೈಸರ್‌ಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಬೇಕೆಂಬುದು ಅದರ ಮೊದಲ ಸಾಲು. ಕರಡಿನಲ್ಲಿ ಎರಡಕ್ಕೂ ‘ತಂತ್ರಾಂಶ’ ಎಂದೇ ಇರುವುದರಿಂದ ಅರ್ಥ ಕೆಡುತ್ತದೆ. ಯಂತ್ರವನ್ನು ಚಾಲೂ ಮಾಡುವ, ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರನ್ನು ಬದಲಿಸುವಾಗ ನಡುವೆ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದೇ ಹೋಗಬಹುದು. ಹೈಪರ್‌ವೈಸರ್ ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್‌ಗಳನ್ನು, ನಡೆಸುವಂಥದ್ದಾದ್ದರಿಂದ, ಅವನ್ನೆಲ್ಲ ಬೇರೊಂದು ಸರ್ವರ್‌ಗೆ ಸಾಗಿಸಿದ ಮೇಲೆಯೇ ಅದಕ್ಕೆ ಕೈ ಹಚ್ಚಬೇಕು. ಫರ್ಮ್‌ವೇರ್‌ಗೆ ‘ಸ್ಥಿರ ತಂತ್ರಾಂಶ’, ‘ಗಟ್ಟಿ ತಂತ್ರಾಂಶ’ ಇವುಗಳಲ್ಲಿ ಯಾವುದು ಸರಿ?

ಬೀದರ್‌ನಿಂದ:

‘ಗಟ್ಟಿ ತಂತ್ರಾಂಶ’ ಅರಿಸಮಾಸ. ಅದರ ಚರ್ಚೆಯೇ ಬೇಡ. ‘ಸ್ಥಿರ’ ಎಂದರೆ ಬದಲಾಗದ್ದು. ಬದಲಿಸಿರೆಂದು ವಿಧಿಸುವ ಸಾಲಿನಲ್ಲಿ ಅದು ಸಲ್ಲದು. 1967ರಲ್ಲಿ ಕಂಪ್ಯೂಟರ್ ತಜ್ಞ ಆಶರ್ ಓಪ್ಲರ್ ‘ಫರ್ಮ್‌ವೇರ್’ ಎಂಬ ಪದವನ್ನು ಟಂಕಿಸಿದ್ದು ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್‌ಗಳ ನಡುವಣ ಪದರಕ್ಕೆ. ‘ವೇರ್’ ಎಂದರೆ ಸರಕು. ಆದ್ದರಿಂದ ‘ಬಿಗಿಸರಕು’ ಎಂದು ಬರೆಯಿರಿ. ಇಂಗ್ಲಿಷ್ ಪದಗಳನ್ನೇ ಉಳಿಸಿಕೊಳ್ಳುವುದಾದರೆ ಕನ್ನಡದ ಫಲಕ ಏತಕ್ಕೆ?

ಕಲಬುರಗಿಯಿಂದ:

ಮೊದಲೆರಡು ಆಕ್ಷೇಪಗಳನ್ನು ಒಪ್ಪುತ್ತೇನೆ, ‘ಬಿಗಿಸರಕ’ನ್ನು ಒಪ್ಪಲಾರೆ. ರಾತ್ರಿ ಪಾಳಿಯವರಿಗೆ ಪರದೆಯ ಮೇಲೆ ಕಾಣುವ ಹೆಸರು ಫರ್ಮ್‌ವೇರ್. ಫಲಕದಲ್ಲಿ ಬೇರೆ ಹೆಸರಿದ್ದರೆ ಅವರು ಗೊಂದಲಗೊಂಡು ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ. ಹಾಗೆ ಮುಂದಕ್ಕೆ ಹಾಕುವುದು ಸಣ್ಣ ವಿಷಯವಲ್ಲ. ವಿಎಂವೇರ್ ಕಂಪನಿಯು ಇಎಸ್‌ಎಕ್ಸ್‌ಐ ಹೈಪರ್‌ವೈಸರ್‌ನ ಒಂದು ದೋಷಕ್ಕೆ 2021ರ ಫೆಬ್ರುವರಿಯಲ್ಲಿಯೇ ಪರಿಹಾರ ಕೊಟ್ಟಿದ್ದರೂ, ಅದನ್ನು ಅಳವಡಿಸದ ಸಾವಿರಾರು ಸರ್ವರ್‌ಗಳು 2023ರ ಫೆಬ್ರುವರಿಯಲ್ಲಿ, ವರ್ಚುವಲ್ ಯಂತ್ರಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ದಾಳಿಗೆ ತುತ್ತಾದವು.

ಎರವಲಿನ ಮಾತಿಗೆ ಬಂದರೆ, ಫಾರಸಿ ಆಸ್ಥಾನಭಾಷೆಯಾಗಿದ್ದ ಬಹಮನಿ ಸೀಮೆ ನಮ್ಮದು, ತಮ್ಮ ಬೀದರ್ ಅದರ ರಾಜಧಾನಿ. ದುರಸ್ತಿ, ದಫ್ತರ, ಜಮೀನು ಎಂಬ ಪದಗಳಿಂದ ಇಲ್ಲಿನ ಕನ್ನಡ ಬಡವಾಗಲಿಲ್ಲ. ವಿಭಕ್ತಿ ಪ್ರತ್ಯಯವೂ ಕ್ರಿಯಾಪದವೂ ನಮ್ಮವಾಗಿದ್ದರೆ ವಾಕ್ಯ ಕನ್ನಡದ್ದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಬರೆದಿದ್ದೇನೆ: ‘ಫರ್ಮ್‌ವೇರ್ ಮತ್ತು ಹೈಪರ್‌ವೈಸರ್‌ಗಳ ಹೊಸ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಂಡು, ಕಾಲಕಾಲಕ್ಕೆ ಅಳವಡಿಸತಕ್ಕದ್ದು.’ ವಾಕ್ಯರಚನೆಯಲ್ಲಿ ದೋಷ ಕಂಡರೆ ಶನಿವಾರದೊಳಗೆ ದಯವಿಟ್ಟು ತಿಳಿಸಿರಿ.