ಅಪ್‌ಡೇಟ್: ರಾತ್ರಿ ಬ್ಯಾಕಪ್ ಈಗ ಆಗ್ತಾ ಐತಿ, ತಪ್ಪು ಎರಡು ಕಡೆ ಇತ್ತು

ಹುಬ್ಬಳ್ಳಿ ಗೋಕುಲ ರಸ್ತೆಯ ಆಫೀಸಿನ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ, ಬ್ಯಾಕಪ್ ಸ್ಕ್ರಿಪ್ಟ್ ಕೈಯಿಂದ ಓಡಿಸಿದ್ರೆ ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿರೋ ಸ್ಟೋರೇಜ್ ಡಬ್ಬಿ) ಕಾಪಿ ಆಗುತ್ತೆ, ವಿಂಡೋಸ್ ಟಾಸ್ಕ್ ಶೆಡ್ಯೂಲರ್ ರಾತ್ರಿ 11ಕ್ಕೆ ತಾನಾಗೇ ಓಡಿಸೋ ಟಾಸ್ಕ್ ಮಾತ್ರ ಫೇಲ್, ಯಾಕೆ ಅಂತ ಹಿಂದೆ ಕೇಳಿದ್ದೆ.

ಮೊದಲ ತಪ್ಪು ಜೆಡ್ ಡ್ರೈವ್, ಅಂದ್ರೆ ನ್ಯಾಸ್ ಫೋಲ್ಡರಿಗೆ ಪಿಸಿಯಲ್ಲಿ ಕೊಟ್ಟ (ಮ್ಯಾಪ್ ಮಾಡಿದ) ಡ್ರೈವ್ ಅಕ್ಷರ. ಮ್ಯಾಪ್ ಮಾಡಿದ ಡ್ರೈವ್ ಲಾಗಿನ್ ಆದವರ ಸೆಷನ್‌ಗಷ್ಟೇ ಸೇರಿದ್ದು. ಸಿಸ್ಟಮ್ ಅಕೌಂಟಿನಲ್ಲಿ (ವಿಂಡೋಸ್‌ನದೇ ಒಳಗಿನ ಅಕೌಂಟ್) ಓಡೋ ಟಾಸ್ಕ್‌ಗೆ ಅದು ಕಾಣೋದೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಪೂರ್ತಿ ಪಾಥ್ ಹಾಕಿದೆ: ಎರಡು ಬ್ಯಾಕ್‌ಸ್ಲ್ಯಾಶ್, ನ್ಯಾಸ್ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಶೇರ್ (ಹಂಚಿದ ಫೋಲ್ಡರ್) ಹೆಸರು. ಬ್ಯಾಕಪ್‌ಗೇ ಅಂತ ಒಂದು ಯೂಸರ್ ಮಾಡಿ, ಅದೇ ಹೆಸರು-ಪಾಸ್‌ವರ್ಡ್ ಪಿಸಿ, ನ್ಯಾಸ್ ಎರಡರಲ್ಲೂ ಇಟ್ಟು, ಟಾಸ್ಕ್ ಅದರಲ್ಲೇ ಓಡಿಸಿದೆ. ‘ಪಾಸ್‌ವರ್ಡ್ ಉಳಿಸಬೇಡ’ ಅನ್ನೋ ಟಿಕ್ ತೆಗೀರಿ. ಅದಿದ್ರೆ ಟಾಸ್ಕ್‌ಗೆ ನೆಟ್‌ವರ್ಕ್ ಸಿಗಲ್ಲ.

ಎರಡನೇದು ಗೆಸ್ಟ್ ಶೇರ್, ಅಂದ್ರೆ ಪಾಸ್‌ವರ್ಡ್ ಇಲ್ಲದೇ ತೆರೆಯೋ ಶೇರ್. ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಂಬಿ ಸೈನಿಂಗ್ (ಫೈಲ್ ಹಂಚಿಕೆಯ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ) ಕಡ್ಡಾಯ ಕೇಳುತ್ತೆ, ಗೆಸ್ಟ್ ಸೈನ್ ಮಾಡಲಾರದು. ಸೈನಿಂಗ್ ಆಫ್ ಮಾಡೋ ಸಲಹೆ ಬಂದಿತ್ತು, ಒಪ್ಪಲಿಲ್ಲ; ಗೆಸ್ಟ್ ತೆಗೆದೆ, ಅಷ್ಟೇ.

ಸ್ಕ್ರಿಪ್ಟ್‌ನಲ್ಲಿ ಫೈಲ್ ಕಾಪಿ ಮಾಡೋದು ವಿಂಡೋಸ್‌ನ ರೋಬೋಕಾಪಿ ಕಮಾಂಡ್. ಅದರ ಡೀಫಾಲ್ಟ್ ನೋಡ್ರಿ, ಕಾಪಿ ಆಗದಿದ್ರೆ ಒಂದೊಂದು ಫೈಲಿಗೆ 10 ಲಕ್ಷ ಸಲ ಮರುಪ್ರಯತ್ನ, ನಡುವೆ 30 ಸೆಕೆಂಡ್! ಟ್ಯಾಲಿ ತೆರೆದಿದ್ರೆ ಬೆಳಗಾದ್ರೂ ಮುಗಿಯಲ್ಲ. 2 ಸಲ, 5 ಸೆಕೆಂಡ್‌ಗೆ ಇಳಿಸಿದೆ. ಶೆಡ್ಯೂಲರ್‌ನಲ್ಲಿ ರಿಸಲ್ಟ್ 1 ಕಂಡ್ರೆ ಗಾಬರಿ ಬೇಡ, ಫೈಲ್ ಕಾಪಿ ಆಗಿದೆ ಅಂತ ಅರ್ಥ. 8 ಅಥವಾ ಮೇಲಿದ್ರೆ ಲಾಗ್ ತೆರೀರಿ.