ಚಿಪ್ಪರ್, ಶ್ರೆಡ್ಡರ್, ಮೇವಿನ ಯಂತ್ರ: ಮೂರಕ್ಕೂ ಒಂದೇ ಹೆಸರೇ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ತಮ್ಮ ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು, ಮಾಡಿಸುವ ಕೆಲಸ ಮಾಡಿಕೊಂಡು ಬಂದವನು. ಈಗ ಹಾಸನದಲ್ಲಿ ಮನೆ, ಶಾಲೆ, ಲೇಔಟುಗಳ ಮರ ಸವರುವ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದಾನೆ. ತೋಟದಲ್ಲಾದರೆ ಕಡಿದ ಕೊಂಬೆ ಸೌದೆಗೆ ಹೋಗುತ್ತದೆ, ಸೊಪ್ಪು ಗಿಡದ ಬುಡ ಸೇರುತ್ತದೆ. ಪೇಟೆಯಲ್ಲಿ ಕಡಿದಷ್ಟನ್ನೂ ಸಾಗಿಸಬೇಕು. ಕವಲು ಕವಲಾದ ಕೊಂಬೆ ಎರಡು ಹೊರೆ ಹಾಕುವಷ್ಟರಲ್ಲಿ ಟೆಂಪೋ ತುಂಬಿಹೋಗುತ್ತದೆ, ತೂಕ ನೋಡಿದರೆ ಏನೂ ಇರುವುದಿಲ್ಲ. ಅದಕ್ಕೇ ಕೊಂಬೆಯನ್ನು ಚಕ್ಕೆ ಮಾಡುವ ಚಿಪ್ಪರ್ ಯಂತ್ರವೊಂದನ್ನು ಕೊಳ್ಳಬೇಕೆಂದಿದ್ದಾನೆ. ಅಂಗಡಿಗಳವರು ಕೊಟ್ಟ ಕನ್ನಡ ಕರಪತ್ರಗಳನ್ನು ಓದಿ ಹೇಳು ಅಂದ. ಓದುವಾಗ ಎದ್ದ ಪ್ರಶ್ನೆಗಳಿವು.

ಮೊದಲನೆಯದು ಹೆಸರಿನದೇ. ಒಂದು ಕರಪತ್ರದಲ್ಲಿ ಚಿಪ್ಪರ್‌ಗೆ ‘ಕೊಂಬೆ ಕತ್ತರಿಸುವ ಯಂತ್ರ’, ಇನ್ನೊಂದರಲ್ಲಿ ಶ್ರೆಡ್ಡರ್‌ಗೂ ಅದೇ. ಮತ್ತೊಂದರಲ್ಲಿ ಹಸುವಿನ ಮೇವು ಕತ್ತರಿಸುವ ಯಂತ್ರದ ಚಿತ್ರ ಹಾಕಿ ‘ಸೊಪ್ಪು, ಕಡ್ಡಿ, ಕೊಂಬೆ ಎಲ್ಲಕ್ಕೂ’ ಎಂದು ಬರೆದಿದ್ದಾರೆ. ಕೆಲಸದಲ್ಲಿ ಈ ಮೂರಕ್ಕೂ ಬಹಳ ಅಂತರವಿದೆ. ಚಿಪ್ಪರ್‌ನಲ್ಲಿ ಹರಿತವಾದ ಬ್ಲೇಡು ಎದುರಿನ ಗಟ್ಟಿ ಪಟ್ಟಿಗೆ ತೀರ ಹತ್ತಿರದಲ್ಲಿ ತಿರುಗಿ ಮರವನ್ನು ಚಕ್ಕೆ ಚಕ್ಕೆಯಾಗಿ ಕೆತ್ತುತ್ತದೆ. ಶ್ರೆಡ್ಡರ್‌ನಲ್ಲಿ ಹೆಚ್ಚಾಗಿ ಮೊಂಡು ಸುತ್ತಿಗೆಗಳಿರುತ್ತವೆ. ಅವು ಜಜ್ಜಿ ನಾರುನಾರಾಗಿ ಹರಿಯುತ್ತವೆ. ಸೊಪ್ಪು, ಎಳೆ ಕಡ್ಡಿಗೆ ಅದು ಒಳ್ಳೆಯದೇ, ಗೊಬ್ಬರದ ಗುಂಡಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ತೋಳು ದಪ್ಪದ ಸಿಲ್ವರ್ ಓಕ್ ಕೊಂಬೆಯನ್ನು ದಿನವಿಡೀ ಅದಕ್ಕೆ ಕೊಡುತ್ತಾ ಕೂರಲಾಗದು. ಹೆಸರು ಒಂದೇ ಆದಾಗ ಕೊಳ್ಳುವವನು ಬೆಲೆ ಕಡಿಮೆ ಇರುವುದನ್ನೇ ಆರಿಸುತ್ತಾನೆ.

ಚಿಪ್ಪರ್‌ಗೆ ‘ಚಕ್ಕೆಯಂತ್ರ’, ಶ್ರೆಡ್ಡರ್‌ಗೆ ‘ಜಜ್ಜುಯಂತ್ರ’ ಆಗಬಹುದೇ? ಚಕ್ಕೆ ಅಂದರೆ ಅಡುಗೆಮನೆಯ ಚಕ್ಕೆ-ಲವಂಗವೂ ನೆನಪಾಗುತ್ತದೆ, ಅದಂತೂ ತೊಗಟೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ತರುವ ಹಾಲೆ ಮರದ ಕೆತ್ತೆಯೂ ತೊಗಟೆಯೇ. ‘ಮರದ ಚಕ್ಕೆ ಸಿಗುತ್ತದೆ’ ಎಂದು ನರ್ಸರಿಗೆ ಬರೆದು ಕಳಿಸಿದರೆ ಅವರು ತೊಗಟೆ ಎಂದುಕೊಳ್ಳುತ್ತಾರೆಯೇ? ಕರಾವಳಿಯವರು ದಯವಿಟ್ಟು ಹೇಳಿ.

ಎರಡನೆಯದು ನನಗೆ ಇನ್ನೂ ಮುಖ್ಯವೆನಿಸಿದ್ದು. ಕರಪತ್ರಗಳಲ್ಲಿ ‘4 ಇಂಚಿನ ಕೊಂಬೆಯವರೆಗೆ’ ಎಂದಿದೆ. ಎಲ್ಲಿಂದ ಎಲ್ಲಿಗೆ 4 ಇಂಚು? ತಯಾರಕರು ಹೇಳುವುದು ಅಡ್ಡಳತೆ, ಅಂದರೆ ವ್ಯಾಸ. ನಮ್ಮಲ್ಲಿ ಮರದವರು ಅಳೆಯುವುದು ಸುತ್ತಳತೆ. ಟಿಂಬರ್ ವ್ಯಾಪಾರದಲ್ಲಿ ಟೇಪು ಸುತ್ತಿಯೇ ಲೆಕ್ಕ, ಅರಣ್ಯ ಇಲಾಖೆಯವರೂ ನಿಂತ ಮರವನ್ನು ಎದೆಯೆತ್ತರದ ಸುತ್ತಳತೆಯಲ್ಲೇ ಬರೆದುಕೊಳ್ಳುತ್ತಾರೆ. 4 ಇಂಚು ಅಡ್ಡಳತೆಯ ಕೊಂಬೆಗೆ ಟೇಪು ಸುತ್ತಿದರೆ ಹನ್ನೆರಡೂವರೆ ಇಂಚು ಬರುತ್ತದೆ. ತಮ್ಮನ ಜೊತೆ ಮರ ಹತ್ತುವವನೊಬ್ಬ ಕರಪತ್ರ ನೋಡಿ, ‘ನಾಕಿಂಚು ಅಂದ್ರೆ ಹೆಬ್ಬೆಟ್ಟಿಗಿಂತ ಚೂರು ದಪ್ಪ ಅಷ್ಟೇ, ಇದ್ಯಾತಕ್ಕೆ ಬಂತಣ್ಣ?’ ಅಂದನಂತೆ. ಅವನ ಲೆಕ್ಕದಲ್ಲಿ ಅದು ಸರಿಯೇ. ಬರೀ ‘ದಪ್ಪ’ ಎಂದು ಬರೆದರೂ ಗೊಂದಲ ಹೋಗುವುದಿಲ್ಲ. ‘ಅಡ್ಡಳತೆ’ ಎಂದರೆ ಎಲ್ಲ ಕಡೆಯವರಿಗೂ ತಿಳಿಯುತ್ತದೆಯೇ, ಅಥವಾ ‘ಕೊಯ್ದ ಮುಖದ ಅಗಲ’ ಎಂದು ಬಿಡಿಸಿ ಹೇಳಬೇಕೇ?

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ಯಂತ್ರದ ಬಾಯಿ ಎಷ್ಟು ಅಗಲ, ಅದು ಎಷ್ಟು ದಪ್ಪದ ಮರ ಕಡಿಯಬಲ್ಲದು ಎಂಬವು ಬೇರೆ ಬೇರೆ. ಬಾಯಿ ಕಿರಿದಾದರೆ ಕವಲಿರುವ ಕೊಂಬೆಯನ್ನೆಲ್ಲ ಮಚ್ಚಿನಲ್ಲಿ ಸವರಿಯೇ ಕೊಡಬೇಕು, ಕೂಲಿ ಅಲ್ಲೇ ಹೋಗುತ್ತದೆ. ಹಾಲುವಾಣದ ಹಸಿ ಕೊಂಬೆಗೂ ಒಣಗಿದ ಹಲಸಿನ ಕೊಂಬೆಗೂ ಒಂದೇ ಅಳತೆ ಹೇಳುವುದೂ ಸರಿಯಲ್ಲ. ಬಾಯಿಯ ಅಗಲ, ಕಡಿಯುವ ದಪ್ಪ ಇವೆರಡನ್ನೂ ಬೇರೆ ಬೇರೆಯಾಗಿ ಬರೆದ ಕನ್ನಡ ಕರಪತ್ರ ನನಗೆ ಒಂದೂ ಸಿಗಲಿಲ್ಲ.

ಬ್ಲೇಡು ಕೂರುವ ಡಿಸ್ಕ್, ಡ್ರಮ್, ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ, ಎಚ್‌ಪಿ ಇವನ್ನು ಹಾಗೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ರಿಪೇರಿಗೆ ಹೋದಾಗ ಆಡುವುದೂ ಅದೇ ಮಾತು. ಪಿಟಿಒ ನಿಮಿಷಕ್ಕೆ 540 ಸುತ್ತಿನದು ಅಂದರೆ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಅರ್ಥವಾಗುತ್ತದೆ. ತಮ್ಮನಿಗೆ ಟ್ರ್ಯಾಕ್ಟರ್ ಇಲ್ಲ, ಸ್ವಂತ ಎಂಜಿನ್ ಇರುವುದೇ ಬೇಕು.

ಯಂತ್ರದ ಬಾಯಿಗೆ ಕೊಂಬೆ ಹಾಕುವ ‘ಫೀಡಿಂಗ್’ಗೆ ಮಾತ್ರ ಕನ್ನಡ ಬೇಕೇ ಬೇಕು. ಅನಾಹುತ ಆಗುವುದು ಅಲ್ಲೇ. ಒಂದು ಕರಪತ್ರದಲ್ಲಿ ‘ಊಡಿಕೆ ಸಮಯದಲ್ಲಿ ಜಾಗರೂಕತೆ ವಹಿಸತಕ್ಕದ್ದು’ ಎಂದಿದೆ. ಮರ ಕಡಿಯುವ ಹುಡುಗರು ಇದನ್ನು ಓದಿ ಏನು ಮಾಡಬೇಕು? ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ‘ಕೊಡುತ್ತಾರೆ’. ಅದೇ ಮಾತು ಹಿಡಿದು, ಯಂತ್ರದ ಮೇಲೆ ಅಂಟಿಸಲು ಹೀಗೆ ಬರೆದಿದ್ದೇನೆ:

‘ಕೊಂಬೆಯ ಬುಡ ಮೊದಲು ಕೊಡಿ. ಯಂತ್ರ ಹಿಡಿದ ಕೂಡಲೇ ಕೈ ಬಿಟ್ಟು ಪಕ್ಕಕ್ಕೆ ಸರಿಯಿರಿ. ಉಳಿದ ತುಂಡನ್ನು ಕೈಯಲ್ಲಿ ತಳ್ಳಬೇಡಿ, ಇನ್ನೊಂದು ಉದ್ದ ಕೊಂಬೆಯಿಂದ ತಳ್ಳಿ. ಟವೆಲ್, ಹಗ್ಗ, ಸಡಿಲ ತೋಳಿನ ಅಂಗಿ ಬೇಡ. ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಬ್ಲೇಡು ಪೂರ್ತಿ ನಿಂತ ಮೇಲೆಯೇ ಬಾಯಿ ತೆಗೆಯಿರಿ.’

ಕೊನೆಯ ವಾಕ್ಯದ ‘ಬಾಯಿ ತೆಗೆಯಿರಿ’ ಸರಿಹೋಗುತ್ತಿಲ್ಲ, ಮನುಷ್ಯರ ಬಾಯಿ ಎಂದೇ ಕೇಳಿಸುತ್ತದೆ. ‘ಮುಚ್ಚಳ ಬಿಚ್ಚಿ’ ಅನ್ನಲೇ? ಒಕ್ಕಣೆ ಯಂತ್ರ, ಗಾಣಗಳ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಸಿಕ್ಕಿಕೊಂಡದ್ದನ್ನು ಬಿಡಿಸುವುದಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ, ತಿಳಿಸಿ.